ಕೊನೆಯ ಹತ್ತು ನಿಮಿಷದ ಶರಣಬಸಮ್ಮ

ಬೆಳಗಿನ ಐದೂಮುಕ್ಕಾಲು. ಮುಂಬೈ ಹತ್ತಿರದ ಕಲ್ಯಾಣದ ಚಂದ್ರಮೌಳಿ ಟಾಕೀಸಿನ ಪಕ್ಕದ ಬಾಗಿಲು ತೆರೆದು ಶರಣಬಸಮ್ಮ ಒಳಗೆ ಬರುತ್ತಾರೆ. ಬಲಗೈಯಲ್ಲಿ ಉದ್ದ ಹಿಡಿಯ ಪೊರಕೆ, ಎಡಗೈಯಲ್ಲಿ ಗೋಣಿಚೀಲ, ಸೊಂಟಕ್ಕೆ ಸಿಕ್ಕಿಸಿದ ಸೆರಗು. ಇಷ್ಟು ದೊಡ್ಡ ಸಭಾಂಗಣಕ್ಕೆ ಈ ಹೊತ್ತಿನಲ್ಲಿ ಉರಿಯುವುದು ಒಂದೇ ಟ್ಯೂಬ್‌ಲೈಟು. ಅವರು ಮೇಲಿನ ಸಾಲಿನಿಂದ ಶುರು ಮಾಡಿ ಒಂದೊಂದೇ ಕುರ್ಚಿಯ ಕೆಳಗೆ ಬಗ್ಗುತ್ತ ಪರದೆಯ ಕಡೆ ಇಳಿಯುತ್ತಾರೆ. ಇಪ್ಪತ್ತೆರಡು ಸಾಲು, ಆರುನೂರ ಹನ್ನೆರಡು ಕುರ್ಚಿ. ಹಿಂದಿನ ದಿನದ ಕೊನೆಯ ಆಟದ ಕಸ ಇದು. ಆಮೇಲೆ ದಿನದ ಆಟಗಳ ನಡುವೆ ಇದೇ ಕೆಲಸ ಮತ್ತೆ ಮೂರು ಸಲ, ಅದೂ ಇಪ್ಪತ್ತೇ ನಿಮಿಷದಲ್ಲಿ.

"ಮಂದಿ ಸಿನಿಮಾ ನೋಡಿದ್ರೋ ಬರೇ ತಿಂದು ಹೋದ್ರೋ ಅಂತ ನೆಲಾ ನೋಡಿದ್ರ ತಿಳಿತದ್ರಿ" ಎನ್ನುತ್ತ ಅವರು ಕುರ್ಚಿಯ ಕೆಳಗಿನಿಂದ ಅರ್ಧ ತುಂಬಿದ ಪಾಪ್‌ಕಾರ್ನ್ ಪೊಟ್ಟಣ ಎಳೆದು ನನಗೆ ತೋರಿಸುತ್ತಾರೆ. "ಇದು ನೋಡ್ರಿ, ತಿನ್ನೋದು ಮರ್ತಾರ. ಸಿನಿಮಾ ಛಲೋ ಅದ."

ನಾನು ಬಂದದ್ದು ಬೇರೆ ಕೆಲಸಕ್ಕೆ. ಸಾರ್ವಕಾಲಿಕ ಶ್ರೇಷ್ಠ ವೈಜ್ಞಾನಿಕ ಕಲ್ಪನೆಯ ಚಿತ್ರಗಳ ಪಟ್ಟಿಯೊಂದನ್ನು ಮಾಡಿಕೊಡಿ ಎಂದು ಈ ಪುರವಣಿಯ ಸಂಪಾದಕರು ಕೇಳಿದ್ದರು. ಪಟ್ಟಿ ಮಾಡುವುದರಲ್ಲಿ ನಾನು ಪಳಗಿದ ಕೈ. ನಾಲ್ಕು ವಿದೇಶಿ ಪಟ್ಟಿಗಳನ್ನು ಮುಂದಿಟ್ಟುಕೊಂಡು, ಐದನೆಯದನ್ನು ಎಂಟಕ್ಕೆ ಇಳಿಸಿ, ಎಂಟನೆಯದನ್ನು ಮೂರಕ್ಕೆ ಏರಿಸಿ, ನಡುವೆ ಯಾರೂ ನೋಡದ ಒಂದು ಚಿತ್ರ ಸೇರಿಸಿದರೆ ಆಯಿತು, ಓದುಗರು ತಲೆದೂಗುತ್ತಾರೆ. ಅಷ್ಟರಲ್ಲಿ ಈ ಪಟ್ಟಿಯ ಸುದ್ದಿ ಕೇಳಿ, ಡೊಂಬಿವಲಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುವ ಶ್ರೀಪ್ರಿಯಾ ಫೋನು ಮಾಡಿದರು. "ಸರ್, ಪಟ್ಟಿ ಆಲ್‌ರೆಡಿ ಒಂದು ಉಂಟು. ಅಪ್ಪ ಮತ್ತೆ ಶರಣಬಸಮ್ಮ ಆಂಟಿ ಸೇರಿ ಮಾಡಿದ್ದು. ನೀವು ಬಂದು ನೋಡಿ ನಾ" ಎಂದರು.

ಶ್ರೀಪ್ರಿಯಾರ ಅಪ್ಪ ಮಧ್ವರಾಜ ಉಡುಪಿ ಕಡೆಯವರು. ಮೂವತ್ತನಾಲ್ಕು ವರ್ಷ ಈ ಟಾಕೀಸಿನ ಆಪರೇಟರ್ ಆಗಿದ್ದರು. ಬಂಧುಗಳೆಲ್ಲ ಹೋಟೆಲು ಹಿಡಿದರೆ ಇವರು ರೀಲು ಹಿಡಿದರು, ರೀಲು ಹೋದ ಮೇಲೆ ಕಂಪ್ಯೂಟರಿನ ಗುಂಡಿ ಹಿಡಿದರು. ಈ ವರ್ಷ ಹೋಳಿ ಹಬ್ಬದ ಮರುದಿನ ಪ್ರೊಜೆಕ್ಟರ್ ಕೋಣೆಯ ಮೆಟ್ಟಿಲಿನ ಮೇಲೆ ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ. ಅವರ ಹಿಂದೆಯೇ ಟಾಕೀಸೂ ಹೊರಟಿದೆ. ಈ ತಿಂಗಳ ಕೊನೆಗೆ ಬಾಗಿಲು ಹಾಕುತ್ತಾರೆ, ಜಾಗದಲ್ಲಿ ಇಪ್ಪತ್ತಾರು ಮಹಡಿಯ ಕಟ್ಟಡ ಏಳುತ್ತದೆಯಂತೆ. ಕೊನೆಯ ಭಾನುವಾರ ಬೆಳಿಗ್ಗೆ ಒಂದು ಆಟ ಅಪ್ಪನ ನೆನಪಿಗೆ ಬಿಟ್ಟುಕೊಡಿ, ಅವರ ಪಟ್ಟಿಯ ಒಂದನೇ ನಂಬರಿನ ಚಿತ್ರವನ್ನು ಹಾಕುತ್ತೇವೆ ಎಂದು ಶ್ರೀಪ್ರಿಯಾ ಮಾಲೀಕರನ್ನು ಒಪ್ಪಿಸಿದ್ದಾರೆ.

ಪಟ್ಟಿ ಇರುವುದು ಪ್ರೊಜೆಕ್ಟರ್ ಕೋಣೆಯ ಬಾಗಿಲಿನ ಒಳಮೈಯಲ್ಲಿ, ಸೀಮೆಸುಣ್ಣದಲ್ಲಿ. ಹತ್ತು ಸಾಲು. ಒಂದಕ್ಕೂ ಚಿತ್ರದ ನಿಜವಾದ ಹೆಸರಿಲ್ಲ. 'ಕೆಂಪು ಮಣ್ಣಿನ ಮುದುಕ', 'ಗಾಜಿನೊಳಗಿನ ಸಮುದ್ರ', 'ಎರಡು ಸೂರ್ಯ ಮುಳುಗುವುದು' ಹೀಗೆ. ಎಷ್ಟೋ ಸಲ ಒರೆಸಿ ಬರೆದು ಬಾಗಿಲೆಲ್ಲ ಬೆಳ್ಳಗಾಗಿದೆ. ಒಂದನೇ ಸಾಲು ಮಾತ್ರ ಒಮ್ಮೆಯೂ ಒರೆಸಿದಂತಿಲ್ಲ. ಅಲ್ಲಿ 'ಬಾಗಿಲಿನ ಹುಡುಗಿ' ಎಂದಿದೆ.

ಶರಣಬಸಮ್ಮನ ಊರು ಕಲಬುರಗಿ ಜಿಲ್ಲೆಯ ಆಳಂದದ ಹತ್ತಿರ. ವಯಸ್ಸು ಐವತ್ತಮೂರು, ಅವರ ಲೆಕ್ಕದಲ್ಲಿ. ಗಂಡ ಸಿದ್ರಾಮ ಶಹಾಡಿನ ಒಂದು ಗೋದಾಮಿನಲ್ಲಿ ಲೋಡಿಂಗ್ ಮಾಡುತ್ತಾರೆ. ಮದುವೆಯಾಗಿ ಬಂದ ವರ್ಷವೇ ಮುಂಬೈ ದಾರಿಯ ದಿವಾದಲ್ಲಿ ಒಂದು ಕೋಣೆ ಹಿಡಿದವರು ಇವತ್ತಿಗೂ ಅಲ್ಲೇ ಇದ್ದಾರೆ. ಬೆಳಗಿನ ಜಾವದ ಲೋಕಲ್ ರೈಲು ಹಿಡಿದು ಅವರು ಕಲ್ಯಾಣಕ್ಕೆ ಬರುವುದು ಊರಿಗೆಲ್ಲ ಉಲ್ಟಾ ದಿಕ್ಕಿನಲ್ಲಿ. ಎಲ್ಲರೂ ಮುಂಬೈ ಕಡೆ ನೂಕಾಡುವಾಗ ಇವರ ಡಬ್ಬಿಯಲ್ಲಿ ಕಾಲು ಚಾಚುವಷ್ಟು ಜಾಗ ಇರುತ್ತದೆ. ಹನ್ನೊಂದು ವರ್ಷದಿಂದ ಅವರು ಆ ಖಾಲಿ ಡಬ್ಬಿಯಲ್ಲಿಯೂ ಬಾಗಿಲಿನ ಹತ್ತಿರ ನಿಲ್ಲುವುದಿಲ್ಲ. ಅದರ ಕಾರಣಕ್ಕೆ ಆಮೇಲೆ ಬರುತ್ತೇನೆ.

ಇಪ್ಪತ್ತೊಂಬತ್ತು ವರ್ಷ ಟಾಕೀಸಿನಲ್ಲಿದ್ದೂ ಶರಣಬಸಮ್ಮ ಒಂದು ಚಿತ್ರವನ್ನೂ ಪೂರ್ತಿ ನೋಡಿಲ್ಲ. ಆಟ ಶುರುವಾಗುವಾಗ ಅವರು ಹೊರಗೆ ಶೌಚಾಲಯ ತೊಳೆಯುತ್ತಿರುತ್ತಾರೆ, ಮೆಟ್ಟಿಲು ಒರೆಸುತ್ತಿರುತ್ತಾರೆ. ಮುಗಿಯಲು ಹತ್ತು ನಿಮಿಷ ಇದೆ ಎನ್ನುವಾಗ ಹಿಂದಿನ ಬಾಗಿಲಿನಿಂದ ಒಳಗೆ ಬಂದು ಗೋಡೆಗೆ ಒತ್ತಿ ನಿಲ್ಲುತ್ತಾರೆ. ದೀಪ ಹತ್ತಿದ ಕೂಡಲೇ ಕೆಲಸ ಶುರು ಮಾಡಬೇಕಲ್ಲ. ಹೀಗಾಗಿ ಅವರು ಕಂಡದ್ದು ಬರೀ ಕೊನೆಗಳನ್ನು. ಒಂದು ಚಿತ್ರ ಒಂದು ವಾರ ಓಡಿದರೆ ಅದೇ ಕೊನೆ ಇಪ್ಪತ್ತೊಂದು ಸಲ.

"ಲಗ್ನದ ಸಿನಿಮಾಕ್ಕ ಸುರು ಬೇಕಾಗಂಗಿಲ್ರಿ. ಕೊನೀಗಿ ಹಾರ ಹಾಕ್ತಾರ, ಸುರುಕ್ಕ ಜಗಳಾಡಿರ್ತಾರ. ಪೊಲೀಸ್ ಬಂದ್ರ ಯಾರಿಗೋ ಹೊಡ್ದಾರ ಅಂತ ತಿಳಿತದ. ಆದ್ರ ಈ ಆಕಾಶದ ಸಿನಿಮಾ ಅದಾವಲ್ಲ, ಅವು ಏನೂ ತಿಳೀವಲ್ದು. ಒಬ್ಬಾಂವ ಗಾಜಿನ ಮುಂದ ಕುಂತು ಅಳ್ತಾನ. ಯಾಕ ಅಳ್ತಾನ? ಮುದುಕಿ ಒಬ್ಬಾಕಿ ಸಣ್ಣ ಹುಡುಗನ ಕಾಲಿಗಿ ಬೀಳ್ತಾಳ. ಯಾಕ ಬೀಳ್ತಾಳ? ರಾತ್ರಿ ನಿದ್ದಿ ಹತ್ತಲಿಲ್ರಿ ನನಗ. ಮರುದಿನ ಮ್ಯಾಲ ಹೋಗಿ ಮಧ್ವರಾಜಣ್ಣಗ ಕೇಳಿದೆ, ಅಣ್ಣಾ, ಇದು ಸುರು ಹ್ಯಾಂಗ ಆಗ್ತದ ಅಂತ."

ಮಧ್ವರಾಜ ಹೇಳಿದರು. ಹೇಳಿ, "ನನಗೆ ಕೊನೆ ನೋಡ್ಲಿಕ್ಕೆ ಪುರುಸೊತ್ತಿಲ್ಲ ಮಾರಾಯ್ತಿ, ಗೇಟು, ಫ್ಯಾನು, ಹೊರಗಿನ ಲೈಟು ಎಲ್ಲ ನನ್ನ ತಲೆಗೇ ಕಟ್ಟಿದ್ದಾರೆ. ಕೊನೆ ನೀನು ಹೇಳು" ಎಂದರು. ಅಲ್ಲಿಂದ ಆರಂಭ ಅವರದು, ಕೊನೆ ಇವರದು. ಹಿಂದಿಗೆ ಡಬ್ಬಾಗಿ ಬಂದ ಎಷ್ಟೋ ಇಂಗ್ಲಿಷ್ ಚಿತ್ರಗಳನ್ನು ಇಬ್ಬರೂ ಬೆಳಗಿನ ಚಹದ ಹೊತ್ತಿಗೆ ಕನ್ನಡದಲ್ಲಿ ಹೊಲಿದು ಪೂರ್ತಿ ಮಾಡಿದರು. ಅವರದು ಉಡುಪಿ ಕನ್ನಡ, ಇವರದು ಆಳಂದದ ಕನ್ನಡ. ಮಧ್ಯದ ಒಂದೂವರೆ ತಾಸು ಇಬ್ಬರಿಗೂ ಬೇಕಾಗಲಿಲ್ಲ.

ಪಟ್ಟಿಗೂ ಒಂದು ಕಟ್ಟುನಿಟ್ಟಿನ ನಿಯಮ ಇತ್ತು. ತಡವಾಗಿ ಬಂದವನು ತನ್ನ ಸೀಟು ಹುಡುಕುವುದು ಬಿಟ್ಟು ಸಿಕ್ಕಿದ ಕುರ್ಚಿಯಲ್ಲಿ ಕೂತುಬಿಟ್ಟರೆ ಆರಂಭ ಪಾಸು, ಅದು ಮಧ್ವರಾಜರ ಪರೀಕ್ಷೆ. ಶರಣಬಸಮ್ಮನ ಪರೀಕ್ಷೆ ಇನ್ನೂ ಕಷ್ಟದ್ದು. "ಇಪ್ಪತ್ತೊಂದನೇ ಸಲ ನೋಡಿದಾಗೂ ಲೈಟ್ ಹತ್ತಿದ ಮ್ಯಾಲ ಝಾಡು ಕೈಯಾಗ ಹಂಗೇ ನಿಂದರಬೇಕು. ಕಸಾ ಹೊಡೀಲಾಕ ಮನಸ್ ಬರಬಾರದು" ಎನ್ನುತ್ತಾರೆ. ನಾನು ನಲವತ್ತು ವರ್ಷ ಚಿತ್ರಗಳ ಬಗ್ಗೆ ಬರೆದಿದ್ದೇನೆ, ಇಷ್ಟು ಪ್ರಾಮಾಣಿಕವಾದ ಅಳತೆಗೋಲು ನನ್ನ ಹತ್ತಿರ ಇಲ್ಲ. ನನ್ನ ಪಟ್ಟಿಯನ್ನು ಆವತ್ತೇ ಹರಿದು ಹಾಕಿದೆ.

ಒಂದನೇ ನಂಬರಿನ ಬಗ್ಗೆ ಕೇಳಿದಾಗ ಅವರು ಪೊರಕೆಯನ್ನು ಗೋಡೆಗೆ ಒರಗಿಸಿದರು. ಕೂರಲಿಲ್ಲ. ಟಾಕೀಸಿನ ಕುರ್ಚಿಯಲ್ಲಿ ಅವರು ಕೂರುವುದಿಲ್ಲ, ಅದು ಟಿಕೀಟಿನವರದು ಎನ್ನುತ್ತಾರೆ.

ಅವರಿಗೆ ಸುಲೋಚನಾ ಎಂಬ ಮಗಳಿದ್ದಳು, ಒಬ್ಬಳೇ. ಹತ್ತೊಂಬತ್ತು ವರ್ಷ. ನವಿ ಮುಂಬೈಯ ಐರೋಲಿಯಲ್ಲಿ ಒಂದು ಕೊರಿಯರ್ ಆಫೀಸಿನಲ್ಲಿ ಕೆಲಸ ಸಿಕ್ಕಿ ನಾಲ್ಕು ತಿಂಗಳಾಗಿತ್ತು. ದಿವಾದಲ್ಲಿ ಬೆಳಗಿನ ಲೋಕಲ್ ಹತ್ತುವುದು ಎಂದರೆ ಏನು ಎಂದು ದಿವಾದವರಿಗೇ ಗೊತ್ತು, ರೈಲು ಬರುವಾಗಲೇ ತುಂಬಿರುತ್ತದೆ. ಬಾಗಿಲಿನ ಕಂಬಿ ಹಿಡಿದು ಅರ್ಧ ಮೈ ಹೊರಗೆ ನಿಂತ ಸುಲೋಚನಾಳ ಕೈ ಥಾಣೆ ಮುಟ್ಟುವ ಮೊದಲೇ ಜಾರಿತು.

"ನಾನು ಉಲ್ಟಾ ಗಾಡಿಯಾಗ ಆರಾಮ ಕುಂತು ಬಂದಿದ್ದೆ ಅವತ್ತು" ಎಂದು ಶರಣಬಸಮ್ಮ ಹೇಳಿದರು. ಆಮೇಲೆ ಗೋಡೆಗೆ ಒರಗಿಸಿದ್ದ ಪೊರಕೆಯನ್ನು ನೆಲಕ್ಕೆ ಕುಟ್ಟಿ ಕಡ್ಡಿಗಳನ್ನು ಸಮ ಮಾಡಿದರು.

ಹದಿನೈದು ದಿನ ಬಿಟ್ಟು ಅವರು ಕೆಲಸಕ್ಕೆ ಬಂದಾಗ ಟಾಕೀಸಿನಲ್ಲಿ ಹೊಸ ಚಿತ್ರ ಓಡುತ್ತಿತ್ತು. ಅದರ ಕೊನೆ ಹೀಗೆ: ಮರಳುಗಾಡಿನ ನಡುವೆ ಒಂದು ಬಿಳಿ ಮನೆ. ಯಾರೋ ಕದ ತಟ್ಟುತ್ತಾರೆ. ಹೆಂಗಸೊಬ್ಬಳು ಬಾಗಿಲು ತೆರೆಯುತ್ತಾಳೆ. ಹೊರಗೆ ಆಕಾಶಯಾನದ ಉಡುಪು ತೊಟ್ಟ ಹುಡುಗಿ ನಿಂತಿದ್ದಾಳೆ. ಹುಡುಗಿ ಶಿರಸ್ತ್ರಾಣ ತೆಗೆಯುತ್ತಾಳೆ. ಹೆಂಗಸು ಅವಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ನೋಡಿ, ಅಪ್ಪಿಕೊಳ್ಳುತ್ತಾಳೆ.

"ಲೈಟ್ ಹತ್ತಿತ್ರಿ. ಮಂದಿ ಎದ್ದು ಹೋದ್ರು. ನಾ ಅಲ್ಲೇ ನಿಂತಿದ್ದೆ. ಮ್ಯಾನೇಜರ್ ಬಂದು ಬೈದ್ರು, ಆದ್ರೂ ನನಗ ಕೈ ಆಡ್ಲಿಲ್ಲ. ಮಧ್ವರಾಜಣ್ಣ ಓಡಿ ಬಂದ್ರು. ಅಣ್ಣಾ, ಇದು ಸುರು ಹ್ಯಾಂಗದ ಅಂತ ಕೇಳಿದೆ. ಅವ್ರು ಸುಮ್ನ ನಿಂತ್ರು. ಆಮ್ಯಾಲ ಹೇಳಿದ್ರು."

ಮಧ್ವರಾಜ ಹೇಳಿದ ಆರಂಭ ಹೀಗಿತ್ತು. ಆಕಾಶದ ಹಡಗಿನಲ್ಲಿ ಕೆಲಸ ಮಾಡುವ ಒಬ್ಬ ಹುಡುಗಿ. ಹಡಗಿನ ಹೊರಬಾಗಿಲು ಕೆಟ್ಟು, ಅದನ್ನು ರಿಪೇರಿ ಮಾಡುವಾಗ ಅವಳ ಕೈ ಜಾರುತ್ತದೆ. ಕತ್ತಲಲ್ಲಿ ತೇಲಿ ಹೋಗುತ್ತಾಳೆ. ಎಲ್ಲರೂ ಅವಳು ಹೋದಳು ಎನ್ನುತ್ತಾರೆ. ಭೂಮಿಯ ಮೇಲೆ ಅವಳ ತಾಯಿ ಮಾತ್ರ ಮನೆಯ ರೇಡಿಯೋ ಆರಿಸುವುದಿಲ್ಲ.

ಆರಂಭಕ್ಕೆ ಕೊನೆ ಎಷ್ಟು ಸರಿಯಾಗಿ ಕೂತಿದೆ ನೋಡಿ. ಜಾರಿದ ಮಗಳು ಮನೆ ಬಾಗಿಲಿಗೆ ಬಂದಳು. ಆ ವಾರ ಉಳಿದ ಆಟಗಳಿಗೆಲ್ಲ ಶರಣಬಸಮ್ಮ ಹತ್ತು ನಿಮಿಷದ ಬದಲು ಕಾಲು ತಾಸು ಮೊದಲೇ ಒಳಗೆ ಬಂದು ನಿಂತರಂತೆ. "ಊಟಾ ಬಿಟ್ಟಿದ್ದೆ ಅಷ್ಟು ದಿನ. ಆ ವಾರ ತಿಂದೆ" ಎನ್ನುತ್ತಾರೆ. ಆಗಲೇ ಬಾಗಿಲಿನ ಮೇಲೆ ಒಂದನೇ ಸಾಲು ಬಿತ್ತು.

ಈಗ ಭಾನುವಾರದ ಆಟಕ್ಕೆ ಆ ಚಿತ್ರ ಬೇಕು. ಶ್ರೀಪ್ರಿಯಾ ಹುಡುಕಿದರು, ನಾನೂ ಹುಡುಕಿದೆ. ಗೊತ್ತಿದ್ದವರಿಗೆಲ್ಲ ಫೋನು ಮಾಡಿದೆ. ಅಂಥ ಚಿತ್ರ ಇಲ್ಲ ಎಂದರು. ನನಗೆ ಗೊತ್ತಿಲ್ಲದ ಚಿತ್ರವೂ ಇರಬಹುದೇ ಎಂದು ನನ್ನ ಜಂಬಕ್ಕೂ ಸ್ವಲ್ಪ ಪೆಟ್ಟಾಯಿತು. ಕೊನೆಗೆ ಶ್ರೀಪ್ರಿಯಾ ಮನೆಯ ಅಟ್ಟದಿಂದ ಅಪ್ಪನ ಡೈರಿಗಳನ್ನು ಇಳಿಸಿದರು.

ಮಧ್ವರಾಜ ಪ್ರತಿ ಚಿತ್ರಕ್ಕೂ ಅದರ ನಿಜವಾದ ಹೆಸರಿನ ಕೆಳಗೆ ನಾಲ್ಕು ಸಾಲು ಬರೆದಿಡುತ್ತಿದ್ದರು. ಆರಂಭವನ್ನೂ ಬರೆಯುತ್ತಿದ್ದರು, ಕೊನೆಯನ್ನೂ ಬರೆಯುತ್ತಿದ್ದರು. "ಅಪ್ಪನಿಗೆ ಕೊನೆ ಗೊತ್ತಿಲ್ಲ ಅಂತ ಹೇಗೆ ಆಗ್ತದೆ ಸರ್? ಶುಕ್ರವಾರ ಬೆಳಿಗ್ಗೆ ಟ್ರಯಲ್ ಹಾಕಿ ಫುಲ್ ಪಿಕ್ಚರ್ ನೋಡ್ತಿದ್ರು" ಎಂದು ಶ್ರೀಪ್ರಿಯಾ ಹೇಳಿದಾಗ ಮೊದಲ ಸಲ ಅನುಮಾನ ಬಂತು. ಪುಟ ತಿರುಗಿಸಿದೆವು. ಸುಲೋಚನಾ ತೀರಿದ ಮುಂದಿನ ವಾರ ಟಾಕೀಸಿನಲ್ಲಿ ಓಡಿದ್ದು ಹಡಗಿನ ಬಾಗಿಲಿನಿಂದ ಜಾರಿದ ಹುಡುಗಿಯ ಚಿತ್ರ. ಶರಣಬಸಮ್ಮ ರಜೆಯಲ್ಲಿದ್ದರು, ಅದರ ಕೊನೆಯನ್ನು ಅವರು ಕಂಡಿಲ್ಲ. ಕೊನೆಯಲ್ಲಿ ಹುಡುಗಿ ಬರುವುದಿಲ್ಲ. ತಾಯಿ ರೇಡಿಯೋ ಆರಿಸುತ್ತಾಳೆ. ಅದರ ಮುಂದಿನ ವಾರ ಬಂದದ್ದು ಬಿಳಿ ಮನೆಯ ಚಿತ್ರ, ಬೇರೆಯದೇ ಚಿತ್ರ. ಅದರ ಆರಂಭದಲ್ಲಿ ಆಕಾಶಯಾನಿ ಮಗಳನ್ನು ಕಳೆದುಕೊಂಡ ಹೆಂಗಸು ಒಂದು ಕಾರ್ಖಾನೆಗೆ ಹೋಗಿ ಮಗಳ ಫೋಟೋ ಕೊಟ್ಟು, ಅದೇ ಮುಖದ ಯಂತ್ರವೊಂದನ್ನು ಮಾಡಿಸಲು ಹೇಳುತ್ತಾಳೆ. ಕೊನೆಗೆ ಮಗಳ ಉಡುಪು ತೊಟ್ಟು ಕದ ತಟ್ಟುವುದು ಆ ಯಂತ್ರ.

ಆ ಪುಟದ ಕೆಳಗೆ ಮಧ್ವರಾಜ ಬರೆದಿದ್ದರು: 'ಶರಣಬಸಮ್ಮನಿಗೆ ಇದರ ಆರಂಭ ಹೇಳಲು ಆಗಲಿಲ್ಲ. ಹೋದ ವಾರದ ಚಿತ್ರದ್ದು ಹೇಳಿದೆ. ತಪ್ಪಾಗಿದ್ದರೆ ನನ್ನ ಮೇಲಿರಲಿ.'

ಶ್ರೀಪ್ರಿಯಾ ಅತ್ತರು. ನಾನು ಕನ್ನಡಕ ಒರೆಸಿಕೊಂಡೆ ಎಂದು ಬರೆದರೆ ಸುಳ್ಳಾಗುತ್ತದೆ, ನಾನೂ ಅತ್ತೆ. ಆಮೇಲೆ ಇಬ್ಬರಿಗೂ ಭಯ ಹತ್ತಿತು. ಬಿಳಿ ಮನೆಯ ಚಿತ್ರ ಹಾಕಿದರೆ ಆ ತಾಯಿಗೆ ಹನ್ನೊಂದು ವರ್ಷದ ಹಿಂದೆ ಬದುಕಿ ಬಂದ ಹುಡುಗಿ ಮತ್ತೆ ಸಾಯುತ್ತಾಳೆ. ಹಾಕದಿದ್ದರೆ ಏನು ಹೇಳುವುದು? ಎರಡನೇ ನಂಬರಿನದನ್ನು ಹಾಕೋಣ, ಒಂದನೆಯದರ ಪ್ರಿಂಟು ಸಿಗಲಿಲ್ಲ ಎಂದುಬಿಡೋಣ ಎಂದೆ ನಾನು. ನನ್ನಂಥ ಹೇಡಿಗೆ ಹೊಳೆಯುವುದು ಅಷ್ಟೇ. ಶ್ರೀಪ್ರಿಯಾ ಒಪ್ಪಲಿಲ್ಲ. "ಅಪ್ಪ ಸುಳ್ಳು ಹೇಳಿದ್ದು ಅವರು ಉಣ್ಣಲಿ ಅಂತ. ನಾನು ಹೇಳಿದ್ರೆ ನನಗೆ ಸುಲಭ ಆಗ್ಲಿ ಅಂತ. ಡಿಫರೆನ್ಸ್ ಉಂಟು ನಾ ಸರ್?"

ಶುಕ್ರವಾರ ಬೆಳಿಗ್ಗೆ, ಇದೇ ಟ್ಯೂಬ್‌ಲೈಟಿನ ಕೆಳಗೆ ಶ್ರೀಪ್ರಿಯಾ ಎಲ್ಲವನ್ನೂ ಹೇಳಿದರು. ಡೈರಿಯ ಆ ಪುಟವನ್ನು ಓದಿ ಕೇಳಿಸಿದರು. ಶರಣಬಸಮ್ಮ ಹನ್ನೆರಡನೇ ಸಾಲಿನಲ್ಲಿದ್ದರು. ಕೇಳಿಸಿಕೊಂಡು ಹದಿಮೂರನೇ ಸಾಲು ಗುಡಿಸಿದರು. ಹದಿನಾಲ್ಕನೆಯದನ್ನೂ ಗುಡಿಸಿದರು. ಆಮೇಲೆ ನಿಂತು ಕೇಳಿದರು:

"ಕೊನೀಗಿ ಬರೋದು ಮಷಿನ್ ಏನವಾ?"

"ಹೌದು ಆಂಟಿ."

"ಆ ತಾಯಿಗಿ ಗೊತ್ತದ?"

"ಗೊತ್ತಿದೆ. ಅವಳೇ ಮಾಡ್ಸಿದ್ದು."

"ಗೊತ್ತಿದ್ದೂ ಅಪ್ಪಿಕೊಂತಾಳ?"

"ಹೌದು."

ಅವರು ಗೋಣಿಚೀಲದ ಬಾಯಿ ಕಟ್ಟಿದರು, ಬಿಚ್ಚಿದರು, ಮತ್ತೆ ಕಟ್ಟಿದರು. "ಹಚ್ರಿ" ಎಂದರು. "ಐತಾರ ಅದೇ ಹಚ್ರಿ. ಸುರುವಿನಿಂದ ನೋಡ್ತೀನಿ."

ಭಾನುವಾರ ಹತ್ತು ಗಂಟೆಗೆ ನಲವತ್ತು ಜನ ಬಂದಿದ್ದರು. ಹೆಚ್ಚಿನವರು ಮಧ್ವರಾಜರ ಪರಿಚಯದವರು, ಉಳಿದವರು ಶ್ರೀಪ್ರಿಯಾರ ವಿದ್ಯಾರ್ಥಿಗಳು. ಸಿದ್ರಾಮ ಶಹಾಡಿನಿಂದ ಒಪ್ಪೊತ್ತು ರಜೆ ಹಾಕಿ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದರು. ಶ್ರೀಪ್ರಿಯಾ ಶರಣಬಸಮ್ಮನ ಕೈಗೆ ಒಂದು ಟಿಕೀಟು ಕೊಟ್ಟರು. ಅವರು ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಹದಿನಾಲ್ಕನೇ ಸಾಲಿನಲ್ಲಿ ಕುರ್ಚಿಯ ಅಂಚಿಗೆ ಕೂತರು. ಇಪ್ಪತ್ತೊಂಬತ್ತು ವರ್ಷ ಒರೆಸಿದ ಕುರ್ಚಿಯಲ್ಲಿ ಅದು ಮೊದಲ ಸಲ.

ಪರದೆಯ ಮೇಲೆ ಕಾರ್ಖಾನೆ ಬಂತು. ತಾಯಿ ಪರ್ಸಿನಿಂದ ಮಗಳ ಫೋಟೋ ತೆಗೆದು ಮೇಜಿನ ಮೇಲಿಟ್ಟಳು. ನನ್ನ ಪಕ್ಕದಲ್ಲಿ ಶರಣಬಸಮ್ಮನ ಉಸಿರು ಕೇಳುತ್ತಿತ್ತು. ಅವರು ಅಳಲಿಲ್ಲ. ಮಧ್ಯದ ಒಂದೂವರೆ ತಾಸು ಇಬ್ಬರಿಗೂ ಬೇಕಾಗಲಿಲ್ಲ ಎಂದಿದ್ದೆನಲ್ಲ, ಅದು ತಪ್ಪು. ಆ ಒಂದೂವರೆ ತಾಸಿನಲ್ಲಿ ತಾಯಿಯೊಬ್ಬಳು ಯಂತ್ರಕ್ಕೆ ಮಗಳ ನಡಿಗೆ ಕಲಿಸುತ್ತಾಳೆ, ನಗು ಕಲಿಸುತ್ತಾಳೆ. ಅದು ಕಲಿಯುವುದಿಲ್ಲ. ಬೇಸತ್ತು ಅದನ್ನು ಮನೆಯಿಂದ ದೂರ ಮರಳಿನ ನಡುವೆ ಬಿಟ್ಟು ಬರುತ್ತಾಳೆ.

ಮುಗಿಯಲು ಹತ್ತು ನಿಮಿಷ ಇದೆ ಎನ್ನುವಾಗ ಶರಣಬಸಮ್ಮ ಎದ್ದರು. ಎದ್ದು ಹೋಗುತ್ತಿದ್ದಾರೆ ಎಂದುಕೊಂಡು ನಾನೂ ಎದ್ದೆ. ಅವರು ಹೋಗಲಿಲ್ಲ. ಹಿಂದಿನ ಬಾಗಿಲಿನ ಹತ್ತಿರ ಹೋಗಿ, ಅಲ್ಲಿ ಒರಗಿಸಿದ್ದ ಪೊರಕೆ ತೆಗೆದುಕೊಂಡು, ಗೋಡೆಗೆ ಒತ್ತಿ ತಮ್ಮ ಜಾಗದಲ್ಲಿ ನಿಂತರು. ಬಿಳಿ ಮನೆಯ ಕದ ತಟ್ಟಿದ್ದು, ಹೆಂಗಸು ತೆರೆದದ್ದು, ಹುಡುಗಿಯ ಮುಖ ಹಿಡಿದದ್ದು ಎಲ್ಲವನ್ನೂ ಅಲ್ಲಿಂದಲೇ ನೋಡಿದರು. ದೀಪ ಹತ್ತಿತು. ಜನ ಎದ್ದು ಹೊರಟರು. ಅವರು ಪೊರಕೆ ಹಿಡಿದುಕೊಂಡು ನಿಂತೇ ಇದ್ದರು. ಸಿದ್ರಾಮ ಬಂದು ಅವರ ಕೈಯಿಂದ ಪೊರಕೆ ಬಿಡಿಸಿಕೊಂಡು, ಮೇಲಿನ ಸಾಲಿನಿಂದ ತಾವೇ ಗುಡಿಸತೊಡಗಿದರು.

ಮುಂದಿನ ತಿಂಗಳಿಂದ ಏನು ಮಾಡುತ್ತೀರಿ ಎಂದು ಕೇಳಿದೆ. ಮಾಲ್‌ನವರು ಐವತ್ತು ದಾಟಿದವರನ್ನು ತೆಗೆದುಕೊಳ್ಳುವುದಿಲ್ಲ. ಡೊಂಬಿವಲಿಯಲ್ಲಿ ಒಂದು ಮದುವೆ ಹಾಲ್ ಇದೆ, ಅಲ್ಲಿ ಕೇಳಿದ್ದಾರಂತೆ. "ಅಲ್ಲಿ ಸುರು, ಕೊನಿ ಎಲ್ಲಾ ಒಂದೇ ರೀ, ಉಣ್ಣೋದು" ಎಂದು ನಕ್ಕರು. ನಾನು ಬಂದ ಮೇಲೆ ಅವರು ನಕ್ಕದ್ದು ಅದೊಂದೇ ಸಲ. ಒಂದು ಆಸೆ ಇದೆ, ಪ್ರೊಜೆಕ್ಟರ್ ಕೋಣೆಯ ಆ ಬಾಗಿಲು ಬೇಕು. ಕಟ್ಟಡ ಕೆಡವುವಾಗ ಕೊಡುತ್ತೇನೆ ಎಂದು ಮಾಲೀಕರು ಹೇಳಿದ್ದಾರೆ. ದಿವಾದ ಕೋಣೆಯಲ್ಲಿ ಅದನ್ನು ಎಲ್ಲಿಡುತ್ತಾರೋ ಅವರಿಗೂ ಗೊತ್ತಿಲ್ಲ.

ಪುರವಣಿಗೆ ನಾನು ಕೊಡುವ ಪಟ್ಟಿ ಇನ್ನು ಇವರದೇ. ಎರಡರಿಂದ ಹತ್ತು ಬರೆದುಕೊಂಡಾಗಿತ್ತು. ಒಂದನೇ ನಂಬರಿಗೆ ಏನು ಬರೆಯಲಿ, ಬಿಳಿ ಮನೆಯದನ್ನೋ ಹಡಗಿನದನ್ನೋ ಎಂದು ಹಿಂಜರಿಯುತ್ತಲೇ ಕೇಳಿದೆ.

"ಎರಡೂ ಬ್ಯಾಡ್ರಿ. 'ಬಾಗಿಲಿನ ಹುಡುಗಿ' ಅಂತಲೇ ಬರೀರಿ. ಮಾಡಿದವ್ರು ಮಧ್ವರಾಜಣ್ಣ ಅಂತ ಬರೀರಿ."

"ಅಂಥ ಚಿತ್ರ ಎಲ್ಲೂ ಇಲ್ಲವಲ್ಲಮ್ಮ, ಓದಿದವರು ಕೇಳಿದರೆ?"

ಶರಣಬಸಮ್ಮ ಸೆರಗಿನ ಗಂಟು ಬಿಚ್ಚಿ ಟಿಕೀಟನ್ನು ಒಮ್ಮೆ ನೋಡಿ, ಮತ್ತೆ ಗಂಟು ಹಾಕಿದರು.

"ಬ್ಯಾರೆ ಯಾವ ಟಾಕೀಸಿನಾಗೂ ಓಡಿಲ್ಲಂತ ಹೇಳ್ರಿ. ನಮ್ಮಲ್ಲಿ ಹನ್ನೊಂದು ವರ್ಷ ಓಡ್ಯಾದ."